ಗೋಸುಂಬೆ ಕಣ: ಇದನ್ನು ಹಿಡಿಯೋದಾದರೂ ಹೇಗೆ?

ಪ್ರಶ್ನೆ
ವಿಶ್ವ ಹಿಗ್ಗುವ ವೇಗವನ್ನು ಏರಿಸುತ್ತಿರೋ ಡಾರ್ಕ್ ಎನರ್ಜಿಗೆ ಕಾರಣ ಇರಬಹುದು ಅಂತ ಕಮೀಲಿಯನ್ ಕಣ, ಅಂದ್ರೆ ನಮ್ಮ ಗೋಸುಂಬೆ, ಅನ್ನೋದೊಂದನ್ನು ಹೇಳುತ್ತಾರಲ್ಲ, 2004ರಲ್ಲಿ ಭೌತವಿಜ್ಞಾನಿಗಳಾದ ಜಸ್ಟಿನ್ ಖೌರಿ ಮತ್ತು ಅಮಾಂಡಾ ವೆಲ್ಟ್‌ಮನ್ ಮುಂದಿಟ್ಟಿದ್ದು, ಅದರ ಬಗ್ಗೆ ಒಂದು ಡೌಟು. ಸುತ್ತ ವಸ್ತು ದಟ್ಟವಾಗಿದ್ದರೆ ಈ ಕಣ ಭಾರವಾಗುತ್ತದಂತೆ, ಆಗ ಅದರ ಬಲ ದೂರ ಮುಟ್ಟೋದಿಲ್ಲ. ಖಾಲಿ ಬಾಹ್ಯಾಕಾಶದಲ್ಲಿ ಹಗುರವಂತೆ, ಬಲ ಬಹುದೂರ ಹೋಗುತ್ತದೆ. ಅಲ್ಲ, ನಾವು ಹುಡುಕುವ ಕಡೆಯೆಲ್ಲ ಅಡಗಿಕೊಳ್ಳುತ್ತೆ, ನಾವಿಲ್ಲದ ಕಡೆ ಕೆಲಸ ಮಾಡುತ್ತೆ! ಇದು ಸುಮ್ನೆ ತಪ್ಪಿಸಿಕೊಳ್ಳೋ ದಾರಿ ಅಲ್ವಾ?

ಉತ್ತರ
ನನಗೂ ಮೊದಲು ಹಾಗೇ ಅನಿಸಿತ್ತು. ಆದರೆ ಖಾಲಿ ಜಾಗಕ್ಕೆ ಅಷ್ಟು ದೂರ ಹೋಗಬೇಕಿಲ್ಲ, ಗಾಳಿ ಹೊರಗೆಳೆದ ಡಬ್ಬಿ ಲ್ಯಾಬಿನಲ್ಲೇ ಇರುತ್ತೆ. 2015ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಹೋಲ್ಗರ್ ಮ್ಯೂಲರ್ ತಂಡ ಮಾಡಿದ್ದು ಇದನ್ನೇ. ನಿರ್ವಾತದ ಒಳಗೆ ಪುಟ್ಟ ಅಲ್ಯೂಮಿನಿಯಂ ಗುಂಡು, ಪಕ್ಕದಲ್ಲಿ ಚೆನ್ನಾಗಿ ತಣ್ಣಗಾಗಿಸಿದ ಸೀಸಿಯಂ ಪರಮಾಣುಗಳು. ದೊಡ್ಡ ವಸ್ತುವಾದರೆ ಮೇಲಿನ ತೆಳು ಸಿಪ್ಪೆಗೆ ಮಾತ್ರ ಈ ಬಲ ತಾಗುತ್ತೆ, ಒಳಗಿನದ್ದು ಲೆಕ್ಕಕ್ಕಿಲ್ಲ. ಪರಮಾಣು ತೀರಾ ಚಿಕ್ಕದು, ಅದಕ್ಕೆ ಆ ಮರೆ ಇಲ್ಲ, ಬಲ ಪೂರ್ತಿ ತಾಗಬೇಕು. ಬೀಳುತ್ತಿರುವ ಪರಮಾಣುವಿನ ಅಲೆಯನ್ನು ಲೇಸರ್‌ನಿಂದ ಎರಡು ದಾರಿಗೆ ಒಡೆದು, ಮತ್ತೆ ಕೂಡಿಸಿ, ಗುಂಡಿನ ಕಡೆಗೆ ಇನ್ನೇನಾದರೂ ಎಳೆತ ಇದೆಯಾ ಅಂತ ಅಳೆದರು. ಇರಲಿಲ್ಲ. 2017ರಲ್ಲಿ ಟಂಗ್‌ಸ್ಟನ್ ಸಿಲಿಂಡರ್ ಇಟ್ಟು ಮತ್ತೆ ಮಾಡಿದರು. ಅಂಗೈಯಲ್ಲಿ ಹಿಡಿಯುವಷ್ಟು ಲೋಹದ ತುಂಡಿನ ಗುರುತ್ವವೇ ಅಳತೆಗೆ ಸಿಕ್ಕಿತು ಮಾರಾಯ್ರೆ! ಅದಕ್ಕಿಂತ ಜಾಸ್ತಿ ಏನೂ ಇಲ್ಲ.

ಉತ್ತರ
ಇಟಲಿಯ ಕ್ಸೆನಾನ್ ತೊಟ್ಟಿಯನ್ನು, ಅಂದ್ರೆ ಕಣ ಬಂದು ತಾಗಿದರೆ ಮಿಂಚುವ ದ್ರವ ಕ್ಸೆನಾನ್ ತುಂಬಿದ್ದನ್ನು, ಮರೆತಿರಾ? ಬೆಟ್ಟದಡಿಯ ಗ್ರಾನ್ ಸಾಸೊ ಲ್ಯಾಬಿನಲ್ಲಿ 2020ರಲ್ಲಿ 232 ಮಿಂಚು ಬರಬೇಕಾದಲ್ಲಿ 285 ಬಂದಿತ್ತು. ಸೂರ್ಯನಿಂದ ಬಂದ ಗೋಸುಂಬೆಗಳೇ ಇರಬಹುದು ಅಂತ ಒಂದು ಗುಂಪು ಬರೆಯಿತು, ನಾನೂ ನಂಬಿ ಕುಣಿದಿದ್ದೆ. 2022ರಲ್ಲಿ ಇನ್ನೂ ಚೊಕ್ಕವಾದ ಹೊಸ ತೊಟ್ಟಿಯಲ್ಲಿ ನೋಡಿದರೆ ಹೆಚ್ಚುವರಿ ಮಾಯ.

ಪ್ರಶ್ನೆ ಕೇಳಿದವರು
ಸರಿ, ತಪ್ಪಿಸಿಕೊಳ್ಳೋ ದಾರಿ ಅಂದಿದ್ದನ್ನು ವಾಪಸ್ ತಗೊಂಡೆ. ಹಾಗಾದರೆ ಕಥೆ ಮುಗೀತಾ?

ಉತ್ತರ
ಪೂರ್ತಿ ಇಲ್ಲ, ಅಡಗೋ ಜಾಗ ಕಮ್ಮಿಯಾಗಿದೆ ಅಷ್ಟೆ. ಆದರೆ ದೊಡ್ಡ ಪೆಟ್ಟು ಬಿದ್ದಿದ್ದು ಇದಕ್ಕೂ ಮೊದಲೇ, ಅದೂ ಖೌರಿ ಕೈಯಿಂದಲೇ. 2012ರಲ್ಲಿ ಇಬ್ಬರ ಜೊತೆ ಸೇರಿ ಲೆಕ್ಕ ಹಾಕಿ ತೋರಿಸಿದರು: ಸೌರವ್ಯೂಹದ ಸುತ್ತಮುತ್ತ ಸಿಕ್ಕಿಬೀಳದಷ್ಟು ಅಡಗಿಕೊಳ್ಳಬೇಕಾದರೆ ಇಡೀ ವಿಶ್ವದಲ್ಲೂ ಅದರ ಬಲ ಹೆಚ್ಚೆಂದರೆ 30 ಲಕ್ಷ ಜ್ಯೋತಿರ್ವರ್ಷದ ಆಸುಪಾಸಿನವರೆಗೆ. ಅಂದ್ರೆ ಪಕ್ಕದ ಗ್ಯಾಲಕ್ಸಿ ಆಂಡ್ರೊಮಿಡಾ ದಾಟಿ ಸ್ವಲ್ಪ ದೂರ. ಅಷ್ಟೇ ದೂರ ಮುಟ್ಟುವ ಬಲದಿಂದ ವಿಶ್ವದ ಹಿಗ್ಗುವ ವೇಗ ಏರೋದಿಲ್ಲ, ಅದಕ್ಕೆ ಬೇರೆ ಡಾರ್ಕ್ ಎನರ್ಜಿ ಬೇಕೇ ಬೇಕು. ಗೋಸುಂಬೆ ಸಿಕ್ಕರೂ ಡಾರ್ಕ್ ಎನರ್ಜಿಗೆ ಕಾರಣ ಏನು ಅನ್ನೋ ಮೂಲ ಪ್ರಶ್ನೆ ಹಾಗೇ ಉಳಿಯುತ್ತೆ.