ಸಹಾಯ ಬೇಕು: ಕಾರ್ಬನ್ ಮಾನಾಕ್ಸೈಡ್‌ಗೆ ಚುಕ್ಕಿ ಎಲ್ಲಿಡಲಿ?

ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ, ಸೈನ್ಸ್. ಹತ್ತನೇ ಕ್ಲಾಸ್‌ವರೆಗೆ ಓದಿದ್ದು ಕನ್ನಡ ಮೀಡಿಯಂನಲ್ಲಿ. ಈಗ ಲೂಯಿಸ್ ಚುಕ್ಕಿ ರಚನೆಯಲ್ಲಿ (ಅಣುವಿನಲ್ಲಿರುವ ಪರಮಾಣುಗಳ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಾಗಿ ತೋರಿಸುವ ಚಿತ್ರ) ಸಿಕ್ಕಿಹಾಕಿಕೊಂಡಿದ್ದೇನೆ.

ನೀರು, ಅಮೋನಿಯಾ, ಮೀಥೇನ್ ಎಲ್ಲಾ ಸರಿಯಾಗಿ ಬರುತ್ತವೆ. ಹೊರಕವಚದ ಎಲೆಕ್ಟ್ರಾನ್ ಎಣಿಸುವುದು, ಬಂಧ ಎಳೆಯುವುದು, ಹೈಡ್ರೋಜನ್‌ಗೆ 2, ಉಳಿದವಕ್ಕೆ 8 ಮಾಡುವುದು. ರಂಗೋಲಿ ಚುಕ್ಕಿ ಇಟ್ಟ ಹಾಗೆ, ಇಷ್ಟೇ ಅಲ್ವಾ ಅಂದುಕೊಂಡಿದ್ದೆ.

ಆಮೇಲೆ ಬಂತು ನೋಡಿ ಕಾರ್ಬನ್ ಮಾನಾಕ್ಸೈಡ್. ಕಾರ್ಬನ್‌ನದು 4, ಆಕ್ಸಿಜನ್‌ನದು 6, ಒಟ್ಟು 10. ಎರಡು ಬಂಧ ಹಾಕಿದರೆ ಆಕ್ಸಿಜನ್‌ಗೆ 8 ಆಗುತ್ತದೆ, ಕಾರ್ಬನ್‌ಗೆ ಬರೀ 6. ಮೂರು ಬಂಧ ಹಾಕಿ, ಎರಡಕ್ಕೂ ಒಂದೊಂದು ಒಂಟಿ ಜೋಡಿ ಕೊಟ್ಟರೆ (ಅಂದರೆ ಬಂಧಕ್ಕೆ ಸೇರದ ಎರಡು ಎಲೆಕ್ಟ್ರಾನ್; ಜೋಡಿ ಅಂದ ಮೇಲೆ ಒಂಟಿ ಹೇಗಾಯಿತೋ!) ಲೆಕ್ಕ ಸರಿಹೋಗುತ್ತದೆ. ಆದರೆ ಫಾರ್ಮಲ್ ಚಾರ್ಜ್ (ಹೊರಕವಚದ ಎಲೆಕ್ಟ್ರಾನ್‌ಗಳಿಂದ ಬಂಧಕ್ಕೆ ಸೇರದ ಎಲೆಕ್ಟ್ರಾನ್‌ಗಳನ್ನೂ ಬಂಧಗಳ ಸಂಖ್ಯೆಯನ್ನೂ ಕಳೆದಾಗ ಬರುವ ಲೆಕ್ಕದ ಚಾರ್ಜ್) ಹಾಕಿದಾಗ ಕಾರ್ಬನ್ ಮೇಲೆ 4−2−3, ಅಂದರೆ −1. ಆಕ್ಸಿಜನ್ ಮೇಲೆ 6−2−3, ಅಂದರೆ +1.

ನನ್ನ ತಲೆ ಕೆಟ್ಟಿದ್ದು ಇಲ್ಲೇ. ಎಲೆಕ್ಟ್ರಾನನ್ನು ಜಾಸ್ತಿ ಎಳೆದುಕೊಳ್ಳುವುದು ಆಕ್ಸಿಜನ್ ತಾನೇ? ಅದರ ಮೇಲೆ ಪ್ಲಸ್ ಹೇಗೆ ಬಂತು? ಎರಡು ಬಂಧದ ಚಿತ್ರದಲ್ಲಿ ಎರಡರ ಮೇಲೂ ಸೊನ್ನೆ ಬರುತ್ತದೆ. ಹಾಗಾದರೆ ಅದು ಯಾಕೆ ಸರಿಯಲ್ಲ? 8 ಆಗುವುದು ಮುಖ್ಯವೋ, ಚಾರ್ಜ್ ಸೊನ್ನೆ ಆಗುವುದು ಮುಖ್ಯವೋ?

ಇನ್ನೊಂದು, ನೈಟ್ರಿಕ್ ಆಕ್ಸೈಡ್. ನೈಟ್ರೋಜನ್‌ನದು 5, ಆಕ್ಸಿಜನ್‌ನದು 6, ಸೇರಿ 11. ಉಳಿಯುವ ಒಂದು ಚುಕ್ಕಿಯನ್ನು ನಾನು ನೈಟ್ರೋಜನ್ ಮೇಲೆ ಇಟ್ಟಿದ್ದೇನೆ. ಸರಿಯಾ?

ಸುಮ್ನೆ ಉತ್ತರ ಬೇಡ, ಕಾರಣ ಬೇಕು. ಕೈಯಲ್ಲಿ ಬರೆದು ಫೋಟೋ ಹಾಕಿದರೂ ಸಾಕು. ಸೋಮವಾರ ಟೆಸ್ಟ್ ಇದೆ.