ಸಹಾಯ ಬೇಕು: ರಿಕಿ ಮಾರ್ಟಿನ್ ಅವರ 1993ರ ಸಿಡಿ ಯಾರ ಹತ್ರ ಇದೆ?

ಎಲ್ಲರಿಗೂ ನಮಸ್ಕಾರ. ರಿಕಿ ಮಾರ್ಟಿನ್ ಅಂದ ತಕ್ಷಣ 1998ರ ಫುಟ್‌ಬಾಲ್ ವಿಶ್ವಕಪ್ ಹಾಡು ನೆನಪಾಗುತ್ತದೆ, ಅಲ್ವಾ? ನಾನು ಹುಡುಕುತ್ತಿರುವುದು ಅದಕ್ಕಿಂತ ಹಳೆಯದು. 1993ರಲ್ಲಿ ಬಂದ ಅವರ ಎರಡನೇ ಆಲ್ಬಮ್, 'ಮೆ ಅಮರಾಸ್'.

ಇದರಲ್ಲಿ ಕುಣಿಸುವ ಹಾಡು ಕಮ್ಮಿ, ನಿಧಾನವಾದ ಪ್ರೇಮಗೀತೆಗಳೇ ಜಾಸ್ತಿ. ನಿರ್ಮಾಪಕರು ಸ್ಪೇನಿನ ಹ್ವಾನ್ ಕಾರ್ಲೋಸ್ ಕಾಲ್ದೆರೋನ್. 1973ರ ಯೂರೋವಿಷನ್‌ನಲ್ಲಿ (ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ) ಎರಡನೇ ಸ್ಥಾನ ಪಡೆದ 'ಎರೆಸ್ ತು' ಹಾಡು ಬರೆದವರೂ ಇವರೇ. 1984ರಲ್ಲಿ ಹಿಟ್ ಆದ ಇಂಗ್ಲಿಷ್ ಹಾಡು 'ಸೆಲ್ಫ್ ಕಂಟ್ರೋಲ್' ಈ ಆಲ್ಬಮ್‌ನಲ್ಲಿ 'ಕೆ ದಿಯಾ ಎಸ್ ಓಯ್' ಅಂತ ಸ್ಪ್ಯಾನಿಷ್‌ನಲ್ಲಿದೆ. ಬೋನಿ ಎಂ ಅನ್ನೋ ಡಿಸ್ಕೋ ತಂಡದ 'ಹುರ್ರೇ ಹುರ್ರೇ' ಹಾಡನ್ನೂ ಸೇರಿಸಿದ್ದಾರೆ. ಅದು ಯಾಕೆ ಬೇಕಿತ್ತೋ! ಶೀರ್ಷಿಕೆ ಗೀತೆಯಲ್ಲಿ ಮಾತ್ರ ದನಿ ಬಹಳ ಚೆನ್ನಾಗಿದೆ.

ಮುಂದಿನ ವರ್ಷ ರಿಕಿ ಮಾರ್ಟಿನ್ ಅಮೆರಿಕದ 'ಜನರಲ್ ಹಾಸ್ಪಿಟಲ್' ಧಾರಾವಾಹಿಗೆ ಹೋದರು. 1995ರ ಆಲ್ಬಮ್‌ನ 'ಮರೀಯಾ' ಹಾಡು ಹಿಟ್ ಆದ ಮೇಲೆ ಇದನ್ನು ಕೇಳುವವರೇ ಇಲ್ಲ.

ನನಗೆ ಬೇಕಾಗಿರುವುದು ಸಿಡಿ ಜೊತೆ ಬರುವ ಪುಸ್ತಿಕೆಯ ಫೋಟೋ. ಯಾವ ವಾದ್ಯ ಯಾರು ನುಡಿಸಿದ್ದಾರೆ ಅನ್ನುವ ಪುಟ ಸಾಕು. ಆ್ಯಪ್‌ಗಳಲ್ಲಿ ಹಾಡು ಸಿಗುತ್ತದೆ, ಆ ಹೆಸರುಗಳು ಸಿಗುವುದಿಲ್ಲ. ಸ್ಪೇನ್, ಮೆಕ್ಸಿಕೋ ಕಡೆ ಇರುವ ಕನ್ನಡಿಗರು ಹಳೇ ಸಿಡಿ ಅಂಗಡಿಗೆ ಹೋದಾಗ ಸುಮ್ನೆ ಒಮ್ಮೆ ನೋಡ್ತೀರಾ? ಸಿಕ್ಕರೆ ಕೊಳ್ಳುವ ಮೊದಲು ಬೆಲೆ ತಿಳಿಸಿ. ಅಂಚೆ ಖರ್ಚೂ ನನ್ನದೇ. ಕವರ್ ಸ್ವಲ್ಪ ಹರಿದಿದ್ದರೂ ಪರವಾಗಿಲ್ಲ, ಪುಸ್ತಿಕೆ ಒಳಗಿರಬೇಕು ಅಷ್ಟೇ.