ಬೇರಿಂಗ್ ಬಿಚ್ಚದೆ ಶಾಫ್ಟ್ ಒಳಗಿನ ಬಿರುಕು ಗೊತ್ತಾಗುತ್ತಾ?

ಶಹಾಬಾದ್ ಫಿಟ್ಟರ್:
ನಮ್ಮ ಕಲ್ಲಿನ ಕ್ರಷರ್‌ನ ಶಾಫ್ಟ್ ಹೋದ ತಿಂಗಳು ಬೇರಿಂಗ್ ಕೂರುವ ಜಾಗದಲ್ಲೇ ತುಂಡಾಯಿತು. ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಪಕ್ಕದ ಮಷಿನ್‌ನಲ್ಲೂ ಅಷ್ಟೇ ಹಳೇ ಶಾಫ್ಟ್ ಇದೆ. ಡಿಪಿ ಟೆಸ್ಟ್ (ಬಿರುಕಿಗೆ ಬಣ್ಣ ಇಳಿಸಿ ನೋಡುವ ಪರೀಕ್ಷೆ) ಮಾಡಲು ಬೇರಿಂಗ್ ಬಿಚ್ಚಲೇಬೇಕು, ಬಣ್ಣ ಹತ್ತಬೇಕಲ್ವಾ. ಅಲ್ಟ್ರಾಸಾನಿಕ್‌ನಲ್ಲಿ (ಯುಟಿ, ಅಂದರೆ ಕಿವಿಗೆ ಕೇಳದ ಶಬ್ದ ಕಳಿಸಿ ನೋಡುವ ಪರೀಕ್ಷೆ) ಬಿಚ್ಚದೆ ನೋಡಬಹುದಾ? ಹುಡುಗರು ಅದರ ಪಕ್ಕದಲ್ಲೇ ಕೆಲಸ ಮಾಡುತ್ತಾರೆ. ಸುಮ್ನೆ ಓಡಿಸಲು ಮನಸ್ಸು ಒಪ್ಪುತ್ತಿಲ್ಲ.

ಸೇಡಂ ಯುಟಿ:
ನೋಡಬಹುದು ಅಣ್ಣಾ. ಸಿಮೆಂಟ್ ಫ್ಯಾಕ್ಟರಿಗಳಲ್ಲಿ ಕಿಲ್ನ್ ರೋಲರ್ ಶಾಫ್ಟ್‌ಗಳನ್ನು ನಾನು ಹೀಗೇ ಪರೀಕ್ಷೆ ಮಾಡುವುದು. ಮಷಿನ್ ನಿಲ್ಲಿಸಿ ಶಾಫ್ಟ್ ತುದಿಯ ಕವರ್ ತೆಗೆಯಿರಿ. ಮುಖದ ತುಕ್ಕು, ಬಣ್ಣ ಉಜ್ಜಿ ತೆಗೆದು ಗ್ರೀಸ್ ಹಚ್ಚಿ. ಪ್ರೋಬ್ (ಶಬ್ದ ಕಳಿಸಿ ವಾಪಸ್ ಹಿಡಿಯುವ ಸಾಧನ) ಮತ್ತು ಉಕ್ಕಿನ ನಡುವೆ ಗಾಳಿ ಉಳಿದರೆ ಶಬ್ದ ಒಳಗೇ ಹೋಗುವುದಿಲ್ಲ. ಬಿರುಕು ಸಿಗುವುದೂ ಇದೇ ಕಾರಣಕ್ಕೆ. ಅದರೊಳಗಿನ ಗಾಳಿಗೆ ಬಡಿದು ಶಬ್ದ ವಾಪಸ್ ಬರುತ್ತದೆ.

2 ಮೆಗಾಹರ್ಟ್ಸ್‌ನ ನೇರ ಪ್ರೋಬ್ ಸಾಕು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5,900 ಮೀಟರ್ ಓಡುತ್ತದೆ. 1 ಮೀಟರ್ ಶಾಫ್ಟ್‌ನ ಆ ತುದಿ ಮುಟ್ಟಿ ಬರಲು ಸುಮಾರು 340 ಮೈಕ್ರೊಸೆಕೆಂಡ್. ಅದಕ್ಕೂ ಮೊದಲೇ ಎಕೋ ಬಂದರೆ ನಡುವೆ ಏನೋ ಇದೆ. ತಿರುಗುವಾಗ ಬಾಗಿ ಬಾಗಿ ದಣಿದ ಶಾಫ್ಟ್‌ನಲ್ಲಿ ಬಿರುಕು ಅಡ್ಡಕ್ಕೆ ಬೆಳೆಯುತ್ತದೆ. ತುದಿಯಿಂದ ಹೋದ ಶಬ್ದಕ್ಕೆ ಅದು ನೇರ ಎದುರಾಗುತ್ತದೆ.

ಆದರೆ ಶಾಫ್ಟ್ ದಪ್ಪ ಬದಲಾಗುವ ಜಾಗ, ಕೀವೇ (ಕೀ ಕೂರುವ ಗಾಡಿ), ಇವೂ ಎಕೋ ಕೊಡುತ್ತವೆ. ಡ್ರಾಯಿಂಗ್ ಕೇಳದೆ ಪರದೆ ನೋಡಿ ‘ಓಕೆ’ ಅನ್ನುವವರ ರಿಪೋರ್ಟ್ ದಯವಿಟ್ಟು ನಂಬಬೇಡಿ. ಹೊಸ ಶಾಫ್ಟ್ ಕೂರಿಸುವ ಮೊದಲೇ ಅದನ್ನೂ ಪರೀಕ್ಷೆ ಮಾಡಿಸಿ, ಪರದೆಯ ಫೋಟೊ ಇಟ್ಟುಕೊಳ್ಳಿ. ಮುಂದೆ ಹೋಲಿಸಲು ಅದಕ್ಕಿಂತ ಒಳ್ಳೆಯದು ಇಲ್ಲ. ಒಳಗಿನ ಚಿತ್ರವೇ ಬೇಕೆಂದರೆ ಹಲವು ಚಿಕ್ಕ ಪ್ರೋಬ್ ಒಟ್ಟಿಗೆ ಸೇರಿಸಿದ ಫೇಸ್ಡ್ ಅರೇ ಮಷಿನ್ ಇದೆ, ಖರ್ಚು ಜಾಸ್ತಿ.

ಯಾದಗಿರಿ ಕಾಂಟ್ರ್ಯಾಕ್ಟರ್:
ಸರ್, ಇದೇ ಮಷಿನ್‌ನಲ್ಲಿ ಕಾಂಕ್ರೀಟ್ ಪಿಲ್ಲರ್ ನೋಡಬಹುದಾ?

ಸೇಡಂ ಯುಟಿ:
ಆಗಲ್ಲ ಸರ್. ಜಲ್ಲಿಗೆ ಬಡಿದು ಶಬ್ದ ಚದುರಿಹೋಗುತ್ತದೆ. ಅದಕ್ಕೆ ಸುಮಾರು 54 ಕಿಲೋಹರ್ಟ್ಸ್‌ನ ಬೇರೆ ಮಷಿನ್ ಇದೆ. ಒಂದು ಕಡೆಯಿಂದ ಕಳಿಸಿ ಎದುರು ಕಡೆ ಹಿಡಿಯುತ್ತಾರೆ. ಶಬ್ದದ ವೇಗ ತೀರಾ ಕಡಿಮೆ ಬಂದರೆ ಆ ಕಾಂಕ್ರೀಟ್ ಮೇಲೆ ಅನುಮಾನ ಪಡಲೇಬೇಕು.

ಶಹಾಬಾದ್ ಫಿಟ್ಟರ್:
ತುಂಬಾ ಉಪಕಾರ ಆಯ್ತು ಸರ್. ಶಾಫ್ಟ್ ತುದಿಯಲ್ಲಿ ಲೇತ್‌ನ ಸೆಂಟರ್ ತೂತು ಇದೆ. ತೊಂದರೆ ಆಗುತ್ತಾ?

ಸೇಡಂ ಯುಟಿ:
ಇಲ್ಲ. ತೂತು ಬಿಟ್ಟು, ಅಂಚಿನ ಕಡೆ ಪ್ರೋಬ್ ಇಟ್ಟು ಪೂರ್ತಿ ಒಂದು ಸುತ್ತು ಸರಿಸಬೇಕು. ಇಂಥ ಬಿರುಕು ಹೆಚ್ಚಾಗಿ ಹೊರಮೈಯಿಂದಲೇ ಶುರುವಾಗುತ್ತದೆ. ಆಮೇಲೆ ಇನ್ನೊಂದು ತುದಿಯಿಂದಲೂ ನೋಡಿಸಿ.